ಹದ್ದಕ್ಕನ ಕಳ್ಳ ಸೂಜಿ

ದರ್ಜಿ ಅಂಗಡಿಯ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು ಕೈಹೊಲಿಗೆ ಮಾಡುವ ಹೆಂಗಸಿಗೆ ಹದ್ದಕ್ಕ ಎಂಬ ಹೆಸರು ಬಿದ್ದದ್ದು ಮೂಗಿನಿಂದಲ್ಲ, ಕಣ್ಣಿನಿಂದ. ಮೂಗೂ ಸ್ವಲ್ಪ ಹಾಗೇ ಇದೆ ಎನ್ನುವವರಿದ್ದಾರೆ. ಅದನ್ನು ಅವಳೇ ಮೊದಲು ಹೇಳಿ ನಕ್ಕುಬಿಡುತ್ತಾಳೆ, ಬೇರೆಯವರಿಗೆ ಆ ಸುಖ ಯಾಕೆ ಕೊಡಬೇಕು ಎಂದು. ಪ್ರಾಯದಲ್ಲಿ ಅವಳ ಕಣ್ಣು ಅಂಥದ್ದೇ ಇತ್ತು. ಕರೆಂಟು ಹೋದಾಗ ಮೆಷಿನ್ ತುಳಿಯುವವಳು ಕೈಕಟ್ಟಿ ಕೂತರೆ, ಇವಳು ಅರೆಗತ್ತಲಲ್ಲೇ ಸಪೂರ ಸೂಜಿಗೆ ಕಪ್ಪು ದಾರ ಪೋಣಿಸಿ, "ಏನಮ್ಮಾ, ನಿನ್ನ ಮೆಷಿನ್‌ಗೆ ರಜಾನಾ?" ಎಂದು ಕೆಣಕುತ್ತಿದ್ದಳು. ಕನ್ನಡಕ ಹಾಕಿದವರನ್ನು ಏನೋ ಕದ್ದು ಸಿಕ್ಕಿಬಿದ್ದವರನ್ನು ನೋಡಿದ ಹಾಗೆ ನೋಡುತ್ತಿದ್ದಳು. ದೇವರು ಕಣ್ಣು ಕೊಟ್ಟ, ಜೊತೆಗೆ ಜಂಬವನ್ನೂ ಧಾರಾಳವಾಗಿ ಕೊಟ್ಟ. ವಾಪಸು ತಗೊಳ್ಳುವಾಗ ಮಾತ್ರ ಕಣ್ಣನ್ನಷ್ಟೇ ತಗೊಂಡು ಜಂಬವನ್ನು ಇಲ್ಲೇ ಮರೆತುಹೋದ ಎಂದು ಈಗ ಅವಳೇ ಹೇಳಿಕೊಳ್ಳುತ್ತಾಳೆ.

ಅಂಗಡಿ ದೊಡ್ಡದೇನಲ್ಲ. ನಡುವೆ ಮಾಸ್ಟರ್ ಬಟ್ಟೆ ಕತ್ತರಿಸುವ ಎತ್ತರದ ಮೇಜು, ಗೋಡೆಗೆ ಒತ್ತಿಕೊಂಡು ಎರಡು ಮೆಷಿನ್‌ಗಳು, ಅದರಲ್ಲಿ ಒಂದು ಕೆಟ್ಟು ಕೂತು ಈಗ ಗುಂಡಿ ಡಬ್ಬಗಳನ್ನು ಇಡುವುದಕ್ಕಷ್ಟೇ ಆಗುತ್ತದೆ. ಬೀದಿಯ ಕಡೆ ಒಂದೇ ಒಂದು ಕಿಟಕಿ, ಅದರ ಪಕ್ಕ ಬೆಂಚು. ಅಂಗಡಿಯ ಬೆಳಕೆಲ್ಲ ಮೊದಲು ಬೀಳುವುದು ಆ ಬೆಂಚಿನ ಮೇಲೆ. ಅಲ್ಲಿ ಕೂತು ಹದ್ದಕ್ಕ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಾಳೆ, ಹುಕ್ಕು ಕೂರಿಸುತ್ತಾಳೆ, ಗುಂಡಿ ಹಚ್ಚುತ್ತಾಳೆ. ಬಿಡುವಿದ್ದಾಗ ಉಳಿದ ತುಂಡುಬಟ್ಟೆಗಳನ್ನೆಲ್ಲ ಜೋಡಿಸಿ ಕೌದಿ ಹೊಲಿಯುತ್ತಾಳೆ. ಅವಳ ಕೌದಿಯ ಹೊಲಿಗೆ ಸಾಲು ನೋಡಿ ಮೆಷಿನ್ ಹೊಲಿಗೆ ಅಂದುಕೊಂಡು ಬೇಡವೆಂದು ಹೋದ ಗಿರಾಕಿಯೂ ಒಬ್ಬಳಿದ್ದಳು. ಆ ಅವಮಾನವನ್ನು ಹದ್ದಕ್ಕ ಬಹುಮಾನದ ಹಾಗೆ ಇಟ್ಟುಕೊಂಡು ಕಂಡಕಂಡವರಿಗೆ ಹೇಳುತ್ತಿದ್ದಳು.

ಹೊಲಿಯುವುದಕ್ಕೆ ಅವಳಿಗೆ ಇವತ್ತಿಗೂ ಕಣ್ಣು ಬೇಕಿಲ್ಲ. ಬಟ್ಟೆಯ ಕೆಳಗಿಟ್ಟ ಎಡಗೈ ತೋರುಬೆರಳಿಗೆ ಸೂಜಿಯ ಮೊನೆ ಎಲ್ಲಿ ಬಂತು, ಹಿಂದಿನ ಹೊಲಿಗೆಗೂ ಇದಕ್ಕೂ ಎಷ್ಟು ಅಂತರ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ಆ ಬೆರಳ ತುದಿ ಒರಟಾಗಿ ಹೋಗಿದೆ, ಮೊಮ್ಮಗುವಿನ ಕೆನ್ನೆ ಸವರಿದರೆ ಮಗು ಮುಖ ಕಿವುಚುತ್ತದೆ. ಕಷ್ಟ ಇರುವುದೆಲ್ಲ ಪೋಣಿಸುವುದರಲ್ಲಿ. ಎರಡು ವರ್ಷದಿಂದ ಸೂಜಿಯ ತೂತು ಅವಳ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿತ್ತು. ದಾರದ ತುದಿ ಎಡಕ್ಕೆ ಹೋದರೆ ತೂತು ಬಲಕ್ಕೆ. ಬಲಕ್ಕೆ ಹೋದರೆ ತೂತೇ ಇಲ್ಲ!

ಅವಳು ಮೊದಲು ದಾರವನ್ನು ಬೈದಳು. "ಈಗಿನ ದಾರಕ್ಕೆ ಮೈಯಲ್ಲಿ ಜೀವ ಇಲ್ಲ ಬಿಡಿ, ಬಾಗಿ ಬಾಗಿ ಬೀಳುತ್ತೆ." ಆಮೇಲೆ ಸೂಜಿಯ ಕಂಪನಿಯನ್ನು ಬೈದಳು. ತೂತನ್ನು ವರ್ಷದಿಂದ ವರ್ಷಕ್ಕೆ ಸಣ್ಣದು ಮಾಡಿ ಕಬ್ಬಿಣ ಉಳಿಸುತ್ತಿದ್ದಾರಂತೆ. ತೂತು ಸಣ್ಣದಾದರೆ ಕಬ್ಬಿಣ ಜಾಸ್ತಿ ಬೇಕಾಗುತ್ತದೆ, ಉಳಿಯುವುದಿಲ್ಲ ಎಂದು ಮಾಸ್ಟರ್ ಹೇಳಿದಾಗ ಕಿವಿ ಕೇಳಿಸದವಳಂತೆ ಕೂತಳು. ಕೊನೆಗೆ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಕನ್ನಡಕ ಬರೆದುಕೊಟ್ಟು, "ನರ ಸೋತಿದೆ ಅಮ್ಮ. ಇದು ಹಾಕಿದ್ರೆ ದಾರಿ ಕಾಣುತ್ತೆ, ಟಿವಿ ಕಾಣುತ್ತೆ. ಸೂಜಿ ಮಾತ್ರ ಕೇಳಬೇಡಿ," ಎಂದರು. ಹಾಗಿದ್ದರೆ ಇದು ಯಾವ ಸುಖಕ್ಕೆ ಎಂದು ಕನ್ನಡಕವನ್ನು ಬೀರುವಿನಲ್ಲಿ ಸೀರೆಗಳ ಸಂದಿಯಲ್ಲಿ ಮಲಗಿಸಿದಳು.

ಅಂಗಡಿಯಲ್ಲಿ ಬೇರೆ ಬೇರೆ ಆಟ ಹೂಡಿದಳು. ಕೈಯಲ್ಲಿ ಎಣ್ಣೆ ಇದೆ, ಇದೊಂದು ಪೋಣಿಸಿಕೊಡೇ ಎಂದು ಮೆಷಿನ್‌ನವಳಿಗೆ ಸೂಜಿ ಚಾಚುವುದು ಒಂದು. ದಿನಾ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಅವಳು ಕೇಳುವ ಮೊದಲು ಬೆರಳಿಗೆ ಗಾಯ, ಕೈಗೆ ಜೋಮು ಎಂದು ಕಾರಣ ಬದಲಾಯಿಸುವುದು ಇನ್ನೊಂದು. ಎಲ್ಲಕ್ಕಿಂತ ಘನಂದಾರಿ ಉಪಾಯ ಎಂದರೆ ಉದ್ದದ ದಾರ. ಬೆರಳಿಂದ ಮೊಣಕೈವರೆಗೆ ಸಾಕು, ಅದಕ್ಕಿಂತ ಉದ್ದ ತಗೊಳ್ಳುವವರು ಸೋಮಾರಿಗಳು ಎಂದು ಊರಿಗೆಲ್ಲ ಪಾಠ ಹೇಳಿದವಳು ಇವಳೇ. ಈಗ ಸಲಸಲಕ್ಕೂ ಪೋಣಿಸುವುದು ತಪ್ಪಲಿ ಎಂದು ಬೆಂಚಿನಿಂದ ಬಾಗಿಲವರೆಗೆ ಬರುವಷ್ಟು ದಾರ ಎಳೆದುಕೊಂಡು ಕೂರುತ್ತಿದ್ದಳು. ಪ್ರತಿ ಹೊಲಿಗೆಗೂ ಕೈ ಬೀಸಿ ಎಳೆಯಬೇಕು. ಒಮ್ಮೆ ಹಾಗೆ ಬೀಸಿದ ಕೈ ಅಳತೆ ಕೊಡಲು ನಿಂತಿದ್ದ ಬ್ಯಾಂಕಿನವರ ಕೆನ್ನೆಗೆ ರಪ್ಪನೆ ಬಡಿಯಿತು. "ಅಯ್ಯೋ, ನೊಣ ಕೂತಿತ್ತು ಸಾರ್," ಎಂದಳು. ಅವರು ಪಾಪ, ಥ್ಯಾಂಕ್ಸ್ ಹೇಳಿದರು.

ಇಷ್ಟೆಲ್ಲ ನಾಟಕ ಯಾಕೆ, ಕಾಣುವುದಿಲ್ಲ ಎಂದು ಹೇಳಿದರಾಯಿತಲ್ಲ ಎನ್ನಬಹುದು. ಹೇಳುವಂತಿರಲಿಲ್ಲ. ಅಂಚು ಹೊಲಿಯುವ ಹೊಸ ಮೆಷಿನ್ ಒಂದರ ಮೇಲೆ ಮಾಸ್ಟರ್ ಕಣ್ಣು ಬಿದ್ದಿತ್ತು. ಅದನ್ನು ಇಡಲು ಬೆಳಕಿರುವ ಜಾಗ ಬೇಕು, ಬೆಳಕಿರುವ ಜಾಗ ಅಂಗಡಿಯಲ್ಲಿ ಒಂದೇ. ಆಗಾಗ ಅವರು ಟೇಪು ಹಿಡಿದು ಬೆಂಚಿನ ಉದ್ದ ಅಳೆದು, ಹದ್ದಕ್ಕನ ಮುಖ ನೋಡಿ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹೋಗುತ್ತಿದ್ದರು. ಅತ್ತ ಮನೆಯಲ್ಲಿ ಮಗ, ಸೊಸೆ ಇಬ್ಬರೂ ಒಳ್ಳೆಯವರು, ಅದೇ ತೊಂದರೆ. "ಸಾಕಮ್ಮ ದುಡಿದಿದ್ದು, ಆರಾಮಾಗಿರು," ಎಂದು ಮಗ. "ಅತ್ತೆ, ನೀವು ಸುಮ್ನೆ ಕೂತಿರಿ, ನಾನು ಮಾಡ್ತೀನಿ," ಎಂದು ಸೊಸೆ. ಈ ಆರಾಮಿನ ಗತಿ ಏನೆಂದು ಹದ್ದಕ್ಕ ತನ್ನ ನಾದಿನಿಯ ಮನೆಯಲ್ಲಿ ನೋಡಿದ್ದಳು. ಎಲ್ಲರೂ ಸೇರಿ ಪ್ರೀತಿಯಿಂದ ಅವಳ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡು, ಕೊನೆಗೆ ಹಾಲು ಉಕ್ಕುತ್ತದಾ ನೋಡು ಎಂದು ಒಲೆಯ ಮುಂದೆ ಕೂರಿಸಿದ್ದರು. ಅದೂ ಉಕ್ಕಿಹೋಗಿ ಬೈಸಿಕೊಂಡಳು. ಆ ಬೆಂಚು ಹೋದರೆ ತಾನೂ ಅಷ್ಟೇ ಎಂದು ಹದ್ದಕ್ಕನಿಗೆ ಹೆದರಿಕೆ. ಸಾಯುವುದಕ್ಕಿಂತ ಹೆಚ್ಚಿನ ಹೆದರಿಕೆ.

ಸುಲಭ ಸೂಜಿ ಎಂಬುದೊಂದಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅದರ ತಲೆಯ ಮೇಲೆ ಸಣ್ಣ ಸೀಳು ಇರುತ್ತದೆ, ದಾರ ತಾನೇ ಒಳಗೆ ಹೋಗುತ್ತದಂತೆ ಎಂದು ಯಾರೋ ಹೇಳಿದಾಗ, "ಊಟಾನೂ ತಾನೇ ಬಾಯೊಳಗೆ ಹೋಗುತ್ತಾ?" ಎಂದು ಮೂಗು ಮುರಿದಿದ್ದಳು. ಈಗ ಅದೇ ಸೂಜಿಗಾಗಿ, ಪರಿಚಯದವರು ಯಾರೂ ಇಲ್ಲದ ಬೀದಿ ಹುಡುಕಿಕೊಂಡು ಬಸ್ಸು ಹತ್ತಿ ಹೋದಳು. ಫ್ಯಾನ್ಸಿ ಸ್ಟೋರಿನವನು ಕೇಳುವ ಮೊದಲೇ, "ನನಗಲ್ಲಪ್ಪ, ನಮ್ಮ ಸಂಬಂಧಿಕರೊಬ್ಬರಿಗೆ. ಪಾಪ, ವಯಸ್ಸಾಗಿದೆ," ಎಂದಳು. ಅವನು ಸೂಜಿಗಳನ್ನು ಚುಚ್ಚಿಟ್ಟ ಚೀಟಿ ಕೊಟ್ಟು, "ಹೇಗೆ ಹಾಕೋದು ಅಂತ ಹಿಂದೆ ಬರೆದಿದೆ, ಓದಿ ಹೇಳಿ ಅವ್ರಿಗೆ," ಎಂದ. ಹಿಂದೆ ಬರೆದದ್ದು ನಿಜ. ಇರುವೆ ಸಾಲು ಹೋದ ಹಾಗೆ ಬರೆದಿತ್ತು. ಕಣ್ಣು ಕಾಣದವರಿಗೆ ಮಾಡಿದ ಸೂಜಿಯ ವಿಷಯವನ್ನು ಹದ್ದಿಗೂ ಕಾಣದ ಅಕ್ಷರದಲ್ಲಿ ಅಚ್ಚು ಹಾಕಿದ ಬುದ್ಧಿವಂತ ಯಾರೋ!

ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಸೂಜಿ ಹಿಡಿದಳು. ಕೈಗೆ ಅಭ್ಯಾಸವಾದದ್ದು ಒಂದೇ ದಾರಿ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಹೊಸೆದು, ತೂತಿಗೆ ಗುರಿಯಿಟ್ಟಳು. ಈ ಸೂಜಿಗೂ ಸೀಳಿನ ಕೆಳಗೆ ಒಂದು ತೂತು ಇದೆಯಲ್ಲ, ಅದಕ್ಕೇ. ಹೋಗಲಿಲ್ಲ. ಮತ್ತೆ ಒದ್ದೆ ಮಾಡಿದಳು, ಮತ್ತೆ ಗುರಿಯಿಟ್ಟಳು. ಹೀಗೆ ಸುಲಭ ಸೂಜಿಯನ್ನು ಕಷ್ಟದ ದಾರಿಯಲ್ಲೇ ಪೋಣಿಸಲು ಬೆವರು ಸುರಿಸಿದ ಹೆಂಗಸು ಈ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. "ಹಾಳಾಗಿ ಹೋಗು, ಮೋಸ!" ಎಂದು ಅದನ್ನು ದಿಂಬಿಗೆ ಚುಚ್ಚಿ, ದಾರವನ್ನು ಅದರ ಮೇಲೇ ಬಿಸಾಡಿದಳು. ಸೆರಗು ಸರಿಮಾಡಿಕೊಳ್ಳುವಾಗ ದಾರ ಕೈಗೆ ಸಿಕ್ಕಿ ಕೆಳಕ್ಕೆ ಜಗ್ಗಿತು. ಟಿಕ್ ಎಂದಿತು. ಎಳೆದರೆ ದಾರದ ಜೊತೆ ಸೂಜಿಯೂ ಬಂತು. ಸೀಳಿನ ಮೇಲೆ ದಾರ ಅಡ್ಡ ಇಟ್ಟು ಕೆಳಗೆ ಒತ್ತಿದರೆ ಆಯಿತು, ನೋಡುವ ಅಗತ್ಯವೇ ಇಲ್ಲ. ಬಿಡಿಸಿ ಇನ್ನೊಮ್ಮೆ ಮಾಡಿದಳು, ಟಿಕ್. ಕಣ್ಣು ಮುಚ್ಚಿ ಮಾಡಿದಳು, ಟಿಕ್. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸೊಸೆ ಹೊರಗಿನಿಂದ, "ಅತ್ತೆ, ಒಬ್ರೇ ನಗ್ತಿದೀರಾ?" ಎಂದು ಕೇಳಿದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಅವಳು ಹದ್ದಕ್ಕ ಯಾಕಾಗುತ್ತಿದ್ದಳು? ಮಾರನೆಯ ದಿನದಿಂದ ಅಂಗಡಿಯಲ್ಲಿ ಅವಳಿಗೆ ಕೋಡು ಮೂಡಿತು. ದಾರ ಮತ್ತೆ ಮೊಣಕೈ ಉದ್ದಕ್ಕೆ ಇಳಿಯಿತು. ಸೂಜಿಯ ತಲೆಯನ್ನು ಎರಡು ಬೆರಳ ನಡುವೆ ಮರೆಮಾಡಿಕೊಂಡು, ಬೀದಿ ನೋಡುತ್ತಾ, ಮೆಷಿನ್‌ನವಳ ಜೊತೆ ಮಾತಾಡುತ್ತಾ ಟಿಕ್ ಎನಿಸುವಳು. "ಅಬ್ಬಾ, ಅಕ್ಕನ ಕಣ್ಣು ವಾಪಸ್ ಬಂತಲ್ಲ!" ಎಂದರು ಮಾಸ್ಟರ್. "ಹೋಗಿದ್ದು ಯಾವಾಗ?" ಎಂದಳು ಹದ್ದಕ್ಕ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಟೇಪು ಹಿಡಿದು ಬೆಂಚು ಅಳೆಯುವುದನ್ನು ಮಾಸ್ಟರ್ ನಿಲ್ಲಿಸಿದರು. ಅಷ್ಟೇ ಅಲ್ಲ, ದೊಡ್ಡ ಕೆಲಸವೊಂದನ್ನು ಒಪ್ಪಿಕೊಂಡು ಅವಳ ಮಡಿಲಿಗೆ ಹಾಕಿದರು.

ಆ ಕೆಲಸ ತಂದವರು ಶಾಲೆಯಿಂದ ನಿವೃತ್ತರಾದ ಟೀಚರ್. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು. ಒಂದು ಚೀಲದ ತುಂಬ ಅವರ ಅಂಗಿಗಳಿದ್ದವು, ಒಗೆದು ಇಸ್ತ್ರಿ ಮಾಡಿದ್ದವು. "ಇವನ್ನೆಲ್ಲ ಸೇರಿಸಿ ಒಂದು ಕೌದಿ ಮಾಡಿಕೊಡಿ. ಮೆಷಿನ್ ಬೇಡ, ಕೈಯಲ್ಲೇ," ಎಂದರು. ಮಾಸ್ಟರ್ ಆಮೇಲೆ ಹದ್ದಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕ, ಇಂಥ ಕೆಲಸ ಬರ್ತಾ ಇದ್ರೆ ನನಗ್ಯಾಕೆ ಬೇಕು ಆ ಮೆಷಿನ್ನು? ಇದು ಚೆನ್ನಾಗಿ ಆದ್ರೆ ಬೆಂಚು ನಿಮ್ಮದೇ," ಎಂದರು.

ಹದ್ದಕ್ಕ ಅಂಗಿಗಳನ್ನು ಬಿಚ್ಚಿ, ಕತ್ತರಿಸಿ, ಜೋಡಿಸಿದಳು. ಒಗೆದು ಒಗೆದು ಬಟ್ಟೆ ಮೆತ್ತಗಾಗಿತ್ತು, ಕಾಲರಿನ ಹತ್ತಿರ ಬೆಳಕು ಕಾಣುವಷ್ಟು ಸವೆದಿತ್ತು. ಟೀಚರ್ ಆಗಾಗ ಬಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಮಾತು ಕಡಿಮೆ. ಒಂದೊಂದು ತುಂಡನ್ನು ಮುಟ್ಟಿ, "ಇದು ಸ್ಕೂಲ್‌ಡೇ ದಿನ ಹಾಕಿದ್ದು... ಇದರ ಜೇಬಲ್ಲಿ ಯಾವಾಗಲೂ ಪೆನ್ ಸೋರಿಸ್ತಿದ್ರು," ಎನ್ನುತ್ತಿದ್ದರು. ನೋಡುವವರು ಎದುರಿಗಿದ್ದರೆ ಹದ್ದಕ್ಕನ ಕೈಗೆ ಇನ್ನೂ ಹುರುಪು.

ಆ ಹುರುಪೇ ಕೆಡಿಸಿತು. ಒಂದು ಮಧ್ಯಾಹ್ನ ಟೀಚರ ಬಾಯಿಂದ ಸ್ಕೂಲ್‌ಡೇ ಅಂಗಿಯ ಕಥೆ ಕೇಳುತ್ತಾ ಹೊಲಿಯುವಾಗ ಒಂದು ಹೊಲಿಗೆ ಸಾಲು ಬಿಟ್ಟು ಆಚೆ ಬಿತ್ತು. ಕೆಳಗಿನ ಬೆರಳು ಕೂಡಲೇ ಹೇಳಿತು. ಕೈಹೊಲಿಗೆಯವರು ಇಂಥ ತಪ್ಪನ್ನು ಬಿಚ್ಚುವ ರೀತಿ ಒಂದಿದೆ. ದಾರ ಕತ್ತರಿಸುವುದಿಲ್ಲ, ಸೂಜಿಯನ್ನು ತಲೆಕೆಳಗು ಮಾಡಿ, ತೂತಿನ ಕಡೆಯಿಂದ ಅದೇ ದಾರಿಯಲ್ಲಿ ಹಿಂದಕ್ಕೆ ತಳ್ಳುತ್ತಾರೆ. ಮೊನೆ ಹೋದರೆ ಬೇರೆ ಎಳೆಗೆ ಚುಚ್ಚಿಕೊಳ್ಳುತ್ತದೆ, ತಲೆಯಾದರೆ ನುಣ್ಣಗೆ ಬರುತ್ತದೆ. ಜೀವಮಾನವೆಲ್ಲ ಹೀಗೇ ಮಾಡಿದವಳು ಈಗಲೂ ಹಾಗೇ ತಳ್ಳಿದಳು. ಆದರೆ ಈ ಸೂಜಿಯ ತಲೆ ನುಣ್ಣಗಿಲ್ಲ, ಸೀಳಿದೆ. ಆ ಸೀಳು ಹೋಗಿ ಸವೆದ ಬಟ್ಟೆಯ ಎಳೆಗಳನ್ನು ಕಚ್ಚಿ ಹಿಡಿಯಿತು. ಯಾಕೋ ಬಿಗಿಯಾಯಿತಲ್ಲ ಎಂದು ಅವಳು ಜಗ್ಗಿದಳು. ಪರ್‌ ಎಂದಿತು.

ಯಜಮಾನರ ಸ್ಕೂಲ್‌ಡೇ ಅಂಗಿ ಒಂದು ಬೆರಳುದ್ದ ಹರಿದಿತ್ತು. ಸೂಜಿ ದಾರ ಬಿಟ್ಟು ನೆಲಕ್ಕೆ ಬಿತ್ತು.

ಹದ್ದಕ್ಕ ಬಗ್ಗಿ ನೆಲ ತಡವಿದಳು, ಸಿಗಲಿಲ್ಲ. ಸಿಕ್ಕಿದ್ದು ಟೀಚರಿಗೆ. ಅವರು ಕನ್ನಡಕವನ್ನು ಮೇಲಕ್ಕೆತ್ತಿ, ಸೂಜಿಯನ್ನು ಮೂಗಿನ ಹತ್ತಿರ ಹಿಡಿದು, "ಇದೇನು, ತಲೆ ಒಡೆದುಹೋಗಿದೆ?" ಎಂದರು. ಮಾಸ್ಟರ್ ಮೇಜು ಬಿಟ್ಟು ಬಂದರು. ಮೆಷಿನ್ ಸದ್ದು ನಿಂತಿತು. ಸೂಜಿಯೇ ಕೆಟ್ಟದ್ದು, ಬಟ್ಟೆಯೇ ಸವೆದದ್ದು ಎಂದು ಹೇಳಲು ಹದ್ದಕ್ಕನ ಬಾಯಲ್ಲಿ ಹತ್ತು ಸುಳ್ಳು ಸಾಲುಗಟ್ಟಿ ನಿಂತಿದ್ದವು. ಎರಡು ವರ್ಷದ ಅಭ್ಯಾಸ ಅಲ್ಲವೇ? ಆದರೆ ಟೀಚರ್ ಇನ್ನೊಂದು ಕೈಯಿಂದ ಹರಿದ ಬಾಯಿಯನ್ನು ಮೆಲ್ಲಗೆ ಕೂಡಿಸಿ ಹಿಡಿದಿದ್ದರು, ಗಾಯ ಮುಚ್ಚಿದ ಹಾಗೆ. ಅದನ್ನು ನೋಡಿ ಹದ್ದಕ್ಕನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಒಡೆದಿಲ್ಲ ಟೀಚರ್. ಅದು ಹಾಗೇ ಇರೋದು. ಕಣ್ಣು ಕಾಣದವರ ಸೂಜಿ ಅದು," ಎಂದಳು. "ನನಗೆ ಕಾಣಲ್ಲ. ಎರಡು ವರ್ಷ ಆಯ್ತು. ಎಲ್ಲರ ಕಣ್ಣಿಗೂ ಮಣ್ಣು ಎರಚ್ತಿದ್ದೆ. ನಿಮ್ಮ ಯಜಮಾನರ ಅಂಗಿ ಹರಿದೆ, ತಪ್ಪಾಯ್ತು."

ಮಾಸ್ಟರ್ ಹಣೆ ಒತ್ತಿಕೊಂಡರು. "ಅಕ್ಕ, ಒಂದು ಮಾತು ಹೇಳಬಾರದಿತ್ತಾ... ಸಾಕು ಬಿಡಿ, ಮನೇಲಿ ಸ್ವಲ್ಪ ದಿನ ಆರಾಮಾಗಿರಿ." ಆ ಪದ ಅಂಗಡಿಗೂ ಬಂತಲ್ಲ ಎಂದು ಹದ್ದಕ್ಕ ತಲೆ ತಗ್ಗಿಸಿದಳು.

ಟೀಚರ್ ಮಾತ್ರ ಮಾಸ್ಟರ್ ಮಾತು ಕೇಳಿಸಿಕೊಂಡಿರಲಿಲ್ಲ. ಸೂಜಿಯನ್ನು ಇನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಕಾಣದಿದ್ರೂ ಪೋಣಿಸಬಹುದಾ ಇದನ್ನ? ಒಂದ್ಸಲ ತೋರಿಸಿ."

ಹದ್ದಕ್ಕ ತೋರಿಸಿದಳು. ಸೀಳು, ಅಡ್ಡ ದಾರ, ಟಿಕ್. ಟೀಚರ್ ಇಸಿದುಕೊಂಡು ತಾವೇ ಮಾಡಿದರು, ಮೊದಲನೆಯ ಸಲಕ್ಕೇ ಬಂತು. ಅವರ ಮುಖ ಹೇಗೆ ಹೇಗೋ ಆಯಿತು. "ಇದು ಗೊತ್ತಿದ್ರೆ ನಾನು ಇದನ್ನ ಇಲ್ಲಿಗೆ ತರ್ತಾನೇ ಇರಲಿಲ್ಲ," ಎಂದರು. "ನಾನೇ ಹೊಲಿಬೇಕು ಅಂತ ತುಂಬ ಆಸೆ ಇತ್ತು. ಕೈ ಚೆನ್ನಾಗೇ ಇದೆ. ಸೂಜಿ ಪೋಣಿಸೋಕಾಗದೆ ಎಷ್ಟು ಸಲ ಅತ್ತಿದೀನಿ ಗೊತ್ತಾ?"

ಈ ಮಾತಿನ ತೂಕ ಹದ್ದಕ್ಕನಿಗೆ ಒಂದೇ ಏಟಿಗೆ ತಿಳಿಯಿತು. ಈ ಸೂಜಿ ಕೊಟ್ಟರೆ ಕೌದಿ ಎದ್ದುಹೋಗುತ್ತದೆ. ಕೌದಿ ಹೋದರೆ ಬೆಂಚೂ ಹೋಯಿತು. ನನಗೂ ಬೇಕು, ಒಂದೇ ಇರೋದು ಎನ್ನಬಹುದಿತ್ತು. ಎಲ್ಲಿ ಸಿಗುತ್ತದೋ ಮರೆತೆ ಎನ್ನಬಹುದಿತ್ತು, ಆ ವಯಸ್ಸಿಗೆ ಯಾರೂ ಅನುಮಾನ ಪಡುವುದಿಲ್ಲ. ಒಂದು ಕ್ಷಣ ಹಾಗನ್ನಬೇಕೆಂದೇ ಬಾಯಿ ತೆರೆದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಉಳಿದ ಸೂಜಿಗಳ ಚೀಟಿಯನ್ನು ಇಡಿಯಾಗಿ ತೆಗೆದು ಟೀಚರ ಕೈಯಲ್ಲಿಟ್ಟಳು. "ದಾರ ಒದ್ದೆ ಮಾಡಬೇಡಿ. ಹಿಂದಕ್ಕೆ ತಳ್ಳಬೇಡಿ, ನನ್ನ ಹಾಗೆ ಹರೀತೀರಿ. ತಪ್ಪಾದ್ರೆ ಸೂಜಿ ತೆಗೆದು ದಾರ ಮಾತ್ರ ಬಿಡಿಸಿ." ಹರಿದ ಕಡೆಗೆ ಅದೇ ಅಂಗಿಯ ಜೇಬಿನ ತುಂಡನ್ನು ಇಟ್ಟು, ಅಲ್ಲೇ ಹೊಲಿದುಕೊಟ್ಟಳು. ಟೀಚರ್ ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಸಂಜೆ ಮನೆಗೆ ಬಂದು, ಇನ್ನು ಮೇಲೆ ಆರಾಮಾಗಿರುತ್ತೇನೆ ಎಂದು ಮಗನಿಗೆ ಹೇಳಿದಳು. ಮಗ ಖುಷಿಪಟ್ಟ. ಸೊಸೆ ಮಾತ್ರ ಅತ್ತೆಯ ಮುಖ ನೋಡಿ ಒಳಗೆ ಹೋದಳು. ದೊಡ್ಡ ಧರ್ಮಾತ್ಮಳ ಹಾಗೆ ಸೂಜಿ ಎತ್ತಿ ಕೊಟ್ಟೆಯಲ್ಲ, ಈಗ ಅನುಭವಿಸು ಎಂದು ಹದ್ದಕ್ಕ ತನಗೆ ತಾನೇ ಬೈದುಕೊಂಡಳು. ಬೈದುಕೊಂಡದ್ದರಿಂದ ಏನೂ ಹಗುರಾಗಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗದೆ ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಮುದುಕಿ ಹೆಂಗಸು ಅಳುವುದಕ್ಕೂ ಒಂದು ನೆಪ ಬೇಕು, ಈರುಳ್ಳಿಯೂ ಸೊಸೆಯ ಕೈಯಲ್ಲಿತ್ತು.

ಬೆಂಚಿನ ಕೆಳಗಿದ್ದ ತನ್ನ ಕತ್ತರಿ, ದಾರದ ಡಬ್ಬ ತರಲೆಂದು ನಾಲ್ಕಾರು ದಿನ ಬಿಟ್ಟು ಅಂಗಡಿಗೆ ಹೋದಳು. ಹೊಸ ಮೆಷಿನ್ ಬಂದು ಕೂತಿರುತ್ತದೆ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹೋಗಿದ್ದಳು. ಬೆಂಚಿನ ಮೇಲೆ ಟೀಚರ್ ಕೂತಿದ್ದರು. ಮಡಿಲಲ್ಲಿ ಕೌದಿ. ಎದುರಿಗೆ ಸೊಂಟಕ್ಕೆ ಕೈಯಿಟ್ಟು ಮಾಸ್ಟರ್.

"ನೋಡಿ ಅಕ್ಕ, ಬೆಳಗ್ಗೆಯಿಂದ ಕೂತಿದ್ದಾರೆ. ನೀವು ಬರೋವರೆಗೂ ಏಳಲ್ಲ ಅಂತಾರೆ. ನಾನು ಅಂಗಡಿ ನಡೆಸಬೇಕೋ ಬೇಡವೋ?"

ಟೀಚರ್ ಹದ್ದಕ್ಕನ ಕೈ ಹಿಡಿದರು. "ಸೂಜಿ ಚೆನ್ನಾಗೇ ಪೋಣಿಸಿದೆ. ಮನೇಲಿ ಒಬ್ಬಳೇ ಕೂತು ಅವ್ರ ಅಂಗಿ ಹೊಲಿಯೋಕೆ ಹೋದ್ರೆ ಕೈ ಏಳ್ತಿಲ್ಲ ರೀ. ಒಂದು ಸಾಲು ಮುಗಿಸೋಕಾಗಲಿಲ್ಲ. ಅವ್ರ ವಿಷಯ ಹೇಳ್ತಾ ಇದ್ರೆ ಕೇಳೋಕೆ ಯಾರಾದ್ರೂ ಬೇಕು. ನೀವು ಆ ಕಡೆಯಿಂದ ಬನ್ನಿ, ನಾನು ಈ ಕಡೆಯಿಂದ ಬರ್ತೀನಿ."

ಹದ್ದಕ್ಕ ಮಾಸ್ಟರ್ ಕಡೆ ನೋಡಿದಳು. ಮಾಸ್ಟರ್ ಬೆಂಚು ನೋಡಿದರು, ಕಿಟಕಿ ನೋಡಿದರು. ಕೊನೆಗೆ ಕೆಟ್ಟು ಕೂತಿದ್ದ ಹಳೆಯ ಮೆಷಿನ್ ಮೇಲಿನ ಗುಂಡಿ ಡಬ್ಬಗಳನ್ನು ಒಂದೊಂದಾಗಿ ಇಳಿಸತೊಡಗಿದರು. "ಇದನ್ನ ಗುಜರಿಗೆ ಹಾಕಿದ್ರೆ ಹೊಸದು ಇಲ್ಲೇ ಹಿಡಿಯುತ್ತೆ. ಒಂದು ಲೈಟು ಹಾಕಿಸಿದ್ರಾಯ್ತು," ಎಂದು ಯಾರಿಗೂ ಹೇಳದವರಂತೆ ಗೊಣಗಿದರು. ಹದ್ದಕ್ಕನ ಕಣ್ಣು ತುಂಬಿಬಂತು. ಕಾಣುತ್ತಿದ್ದ ಅಷ್ಟಿಷ್ಟೂ ಮಸುಕಾಯಿತು. ಸೆರಗಿನಿಂದ ಒರೆಸಿಕೊಂಡು ಬೆಂಚಿನ ಇನ್ನೊಂದು ತುದಿಗೆ ಕೂತು ಕೌದಿಯ ಅಂಚನ್ನು ಮಡಿಲಿಗೆ ಎಳೆದುಕೊಂಡಳು.

ಇಬ್ಬರೂ ಹೊಲಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ತಮ್ಮ ಸಾಲನ್ನು ಹೆಮ್ಮೆಯಿಂದ ಇವಳ ಕಡೆ ಚಾಚಿ, "ನೋಡಿ ಹೇಳಿ, ನನ್ನ ಹೊಲಿಗೆ ಹೇಗಿದೆ?" ಎಂದರು. ಹದ್ದಕ್ಕ ಅದರ ಮೇಲೆ ತೋರುಬೆರಳು ಆಡಿಸಿದಳು. ಒಂದು ಹೊಲಿಗೆ ಗೇಣುದ್ದ, ಒಂದು ಸಾಸಿವೆಯಷ್ಟು, ಸಾಲು ಮೂರು ಕಡೆ ದಾರಿ ತಪ್ಪಿತ್ತು. ಬೆರಳಿಗೆ ಎಲ್ಲ ಗೊತ್ತಾಯಿತು.

"ದೇವರಾಣೆ ನನಗೆ ಕಣ್ಣು ಕಾಣಲ್ಲ ಟೀಚರ್," ಎಂದಳು ಹದ್ದಕ್ಕ. "ತುಂಬ ಚೆನ್ನಾಗಿದೆ."